ಕೆನ್ನೆಯ ಮೇಲಿನ ಹುಳುಕಡ್ಡಿ

ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ಸೂರತ್ತಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿತ್ತು. ನನ್ನ ಕೆನ್ನೆಯ ಹುಳುಕಡ್ಡಿಗೆ ಅಮ್ಮ ಔಷಧಿ ಅಂಗಡಿಯವನು ಕೊಟ್ಟ ಕ್ರೀಮನ್ನು ತಿಂಗಳಿಡೀ ಹಚ್ಚಿದ್ದಳು. ಅದು ಕಣ್ಣಿನವರೆಗೂ ಹಬ್ಬಿ, ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರದಂತಾಗಿತ್ತು. ಕೊನೆಗೆ ಅಮ್ಮ ನನ್ನನ್ನು ಚರ್ಮದ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರಮ್ಮ ಸ್ಪಿರಿಟ್ಟಿನಿಂದ ಕೆನ್ನೆ ಒರೆಸಿ, ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿಗೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಣುಕಿದರು. "ಆವ್ ಬೇಟಾ, ತೂ ಭೀ ದೇಖ್!" ಎಂದು, ನಾನೂ ನೋಡಲೆಂದು ಸ್ಟೂಲು ಹತ್ತಿಸಿದರು.

"ಅಮ್ಮಾ, ನನ್ನ ಮುಖದಲ್ಲಿ ಬಳ್ಳಿ ಬೆಳ್ದಿದೆ! ಕವಲು ಬೇರೆ ಒಡೆದಿದೆ!" ಎಂದು ಕೂಗಿದೆ.

ಅದು ಫಂಗಸ್ಸೆಂದೂ, ಆ ಕ್ರೀಮೇ ಅದನ್ನು ಬೆಳೆಸಿತೆಂದೂ, ಸರಿಯಾದ ಮುಲಾಮಿಗೆ ಕೆಲವೇ ವಾರಗಳಲ್ಲಿ ಹೋಗುವುದೆಂದೂ ಡಾಕ್ಟರಮ್ಮ ಹೇಳಿದರು. ಅಮ್ಮ ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿದವಳು ತಲೆಯೆತ್ತಲೇ ಇಲ್ಲ. "ಇದನ್ನ ನಾನೇ ಸಾಕಿದೆನಲ್ಲೇ," ಎಂದಳು.

ನಾನು ಅವಳ ಸೆರಗೆಳೆದೆ. "ಜರುಗಮ್ಮಾ, ನಾನಿನ್ನೊಂದ್ಸಲ ನೋಡ್ಬೇಕು!"