ಹೊಂಗೆ ಚಿಗುರಿದಾಗ ಹೇಳುವ ಪದ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಫ್ರೆಂಚ್ ನೆನಪಾಗುತ್ತದೆ.

ಪಾಂಡಿಚೇರಿಯ ಹುಡುಗನ ಜೊತೆ ಮದುವೆ ಗೊತ್ತಾಗಿದ್ದ ಅಕ್ಕ, ಬಸವನಗುಡಿ ಮನೆಯ ಜಗಲಿಯಲ್ಲಿ ನೆನೆದ ಕಾಳು ಹಿತುಕುತ್ತಾ ಆ ಭಾಷೆ ಕಲಿಯುತ್ತಿದ್ದಳು. ಚಳಿಗಾಲಕ್ಕೆ "ಇವೇರ್" ಅಂದಳು. ನಾನು ಮೂಗು ಹಿಡಿದು ಅಣಕಿಸಿದೆ.

"ಕೋತಿಗೆ ನೆಗಡಿಯಾದ ಹಾಗಿದೆ ಕಣೋ," ಅಂದರು ಅಜ್ಜಿ. ಕೋತಿ ಇನ್ನಷ್ಟು ಕುಣಿಯಿತು.

"ವಸಂತಕ್ಕೆ ಏನಂತಾರಕ್ಕಾ?"

"ಆಯಾ ಕಾಲದ ಮಾತು ಆಯಾ ಕಾಲಕ್ಕೇ. ಹೊಂಗೆ ಚಿಗುರಲಿ, ಹೇಳ್ತೀನಿ."

ಹೇಳೋದು ಬಾಕಿ ಇದ್ದರೆ ಅಕ್ಕ ಹೋಗಲಾರಳು ಅಂದುಕೊಂಡು ಈ ಜಾಣ ಮತ್ತೆ ಕೇಳಲೇ ಇಲ್ಲ. ಸಂಕ್ರಾಂತಿ ಕಳೆದದ್ದೇ ಮದುವೆಯಾಯಿತು, ಅಕ್ಕ ರೈಲು ಹತ್ತಿದಳು. ಆಮೇಲೆ ಬೀದಿಯ ಹೊಂಗೆಯೆಲ್ಲ ಚಿಗುರಿತು.

ಆ ಪದವನ್ನು ನಾನು ಇನ್ನೂ ಯಾರನ್ನೂ ಕೇಳಿಲ್ಲ.