ಇಪ್ಪತ್ತಾರು ಮನೆಯ ಮೋಡ

"ಬಣ್ಣದ ಪೆನ್ಸಿಲ್ ಕೊಡ್ರೀ, ಮಲಗಿ ಮಲಗಿ ಸಾಕಾಯ್ತು" ಎಂದು ಫುಸಾ ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತಳು. ಸೆಂಕಿಚಿ ಹೆಂಡತಿಯ ಬೆನ್ನಿಗೆ ದಿಂಬು ಕೊಟ್ಟು, ಹೊಸ ನಕ್ಷೆಯ ಹಾಳೆಯನ್ನು ಅವಳ ತೊಡೆಯ ಮೇಲೆ ಹರಡಿದ.

ಟೋಕಿಯೋದ ಷೇರುಪೇಟೆಗೆ ದರದ ಏರಿಳಿತದ ನಕ್ಷೆ ಬರೆದುಕೊಡುವುದು ಇವರ ಕಸುಬು. ಗೆರೆ ಗಂಡನದು, ಬಣ್ಣ ಹೆಂಡತಿಯದು. ಮೂವತ್ತು ವರ್ಷದಿಂದ ಹೀಗೇ. ದರದ ಲೆಕ್ಕ ಹಾಕಿ ಎರಡು ಗೆರೆಗಳನ್ನು ಮುಂದಿನ ಇಪ್ಪತ್ತಾರು ದಿನಗಳವರೆಗೆ ಎಳೆಯಬೇಕು, ನಡುವೆ ಬಣ್ಣ ತುಂಬಬೇಕು. ಪೇಟೆಯವರು ಅದನ್ನು ಮೋಡ ಎನ್ನುತ್ತಾರೆ. ಹಾಳೆಯಲ್ಲಿ ದಿನಕ್ಕೊಂದು ಚೌಕದ ಮನೆ. ಆ ಕಾಲದಲ್ಲಿ ಶನಿವಾರವೂ ಪೇಟೆ ನಡೆಯುತ್ತಿತ್ತು, ರಜೆಯಿರುವ ಭಾನುವಾರಕ್ಕೆ ಮಾತ್ರ ಮನೆಯಿಲ್ಲ.

ಬೆಳಿಗ್ಗೆ ಡಾಕ್ಟರು ಸೆಂಕಿಚಿಯನ್ನು ಹೊರಗೆ ಕರೆದು, ಕ್ಯಾನ್ಸರ್ ಕೈಮೀರಿದೆ, ಹೆಚ್ಚೆಂದರೆ ಎರಡು ವಾರ ಎಂದಿದ್ದರು. ಇಂಥದ್ದನ್ನು ರೋಗಿಯ ಕಿವಿಗೆ ಹಾಕುವವರುಂಟೇ? ಡಾಕ್ಟರು ಹೊಟ್ಟೆಹುಣ್ಣು ಎಂದರು, ನರ್ಸು ಹೊಟ್ಟೆಹುಣ್ಣು ಎಂದಳು, ಅವನೂ ಅದನ್ನೇ ಹೇಳಿದ. ಆಮೇಲೆ ಮನೆಗೆ ಹೋಗಿ ಗೆರೆ ಎಳೆದ. ಹೇಗೆ ಎಳೆದನೋ ಅವನಿಗೇ ಗೊತ್ತಿಲ್ಲ.

"ಅನ್ನ ಮಾಡ್ಕೊಂಡ್ರಾ? ಸೀದ್ಹೋಯ್ತಾ?"

"ಸೀದಿದ್ದನ್ನೇ ತಿಂದೆ ಮಾರಾಯ್ತಿ."

ನಗುತ್ತಲೇ ಹಾಳೆಯ ಮೇಲೆ ಸರಿಯುತ್ತಿದ್ದ ಫುಸಾಳ ಬೆರಳು ತಟ್ಟನೆ ನಿಂತಿತು. ಮತ್ತೊಮ್ಮೆ ಎಣಿಸಿದಳು.

"ರೀ, ಹನ್ನೆರಡೇ ಮನೆ ಇದೆಯಲ್ರೀ. ಇನ್ನು ಹದಿನಾಲ್ಕು ಎಲ್ಲಿ ನುಂಗಿದ್ರಿ?"

ಸೆಂಕಿಚಿ ಹಾಳೆಯ ಮೇಲೆ ಬಾಗಿದ. ಒಂದು ದಿನವೂ ಲೆಕ್ಕ ತಪ್ಪದ ಕೈ ಅದು. ನೋಡುತ್ತಾನೆ, ಎರಡೂ ಗೆರೆ ಹನ್ನೆರಡಕ್ಕೇ ನಿಂತುಬಿಟ್ಟಿವೆ!

"ಅದು... ಕಣ್ಣು ಮಂಜಾಗಿತ್ತು ಕಣೇ. ಕೊಡು ಇಲ್ಲಿ, ಎಳೀತೀನಿ."

ಫುಸಾ ಹಾಳೆ ಬಿಡಲಿಲ್ಲ. "ಭಾನುವಾರ ಬಿಟ್ಟು ಹನ್ನೆರಡು. ಅಂದ್ರೆ ಎರಡು ವಾರ" ಎಂದಳು ಮೆಲ್ಲಗೆ. "ಡಾಕ್ಟ್ರು ಅಷ್ಟೇ ಅಂದ್ರಾ?"

ಸೆಂಕಿಚಿ ಮಂಚದ ಅಂಚಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಅವಳ ಕಣ್ಣೂ ತುಂಬಿತು. ಅವನ ತಲೆ ಸವರಿದಳು.

"ಸಾಕು, ಏಳಿ. ಪಕ್ಕದ ಮಂಚದವರು ನೋಡ್ತಿದಾರೆ. ಪೂರ್ತಿ ಎಳೀರಿ."

ಅವನು ಇಪ್ಪತ್ತಾರಕ್ಕೂ ಎಳೆದ. ಫುಸಾ ಹನ್ನೆರಡು ಮನೆಗಳಿಗೆ ನಿಧಾನವಾಗಿ ಬಣ್ಣ ತುಂಬಿದಳು. ಆಮೇಲೆ ಪೆನ್ಸಿಲನ್ನು ಗಂಡನ ಬೆರಳಿಗಿಟ್ಟು, ಮೇಲೆ ತನ್ನ ಕೈ ಇಟ್ಟಳು.

"ಇಲ್ಲಿಂದ ನೀವು. ಅಯ್ಯೋ, ಅಷ್ಟು ಒತ್ತಬೇಡ್ರೀ. ನಾನು ನೋಡ್ತಿರೋವಾಗ್ಲೇ ಕಲ್ತ್ಕೊಳ್ಳಿ."