ಶೇಕಡಾ ತೊಂಬತ್ತೊಂಬತ್ತು

ಲೇಸರಿನಿಂದ ಹುಟ್ಟುವ ಬೆಳಕಿನ ಕಣಗಳು ಕ್ವಾಂಟಂ ನಂಟಿನಲ್ಲಿ ಹೆಣೆದುಕೊಂಡಿವೆಯೋ ಇಲ್ಲವೋ ಎಂದು ಗುರುತಿಸಲು ಪ್ರೊಫೆಸರ್ ಐತಾಳರು ಕಂಪ್ಯೂಟರಿಗೆ ಕಲಿಸಿದ್ದರು. ಅವರ ವೃತ್ತಿಜೀವನವೆಲ್ಲ ಅದರಲ್ಲೇ ಕಳೆದಿತ್ತು. ಉಳಿದ ಭೌತವಿಜ್ಞಾನಿಗಳು ಅವರ ದೃಷ್ಟಿಯಲ್ಲಿ ದಂಡಪಿಂಡಗಳು. ಲೇಸರ್ ನೋಡಿಕೊಳ್ಳುವ ಸಂಶೋಧನಾ ವಿದ್ಯಾರ್ಥಿನಿ ಭಾರ್ಗವಿಯಂತೂ ಅದಕ್ಕೂ ಕಡೆ.

ಪ್ರಶಸ್ತಿ ಸಮಿತಿಯವರು ಪ್ರಯೋಗಾಲಯಕ್ಕೆ ಬರುವ ಹೊತ್ತಿಗೇ ಅವಳು ಬಾಯಿ ತೆರೆದಳು.

“ಸರ್, ಕಂಪ್ಯೂಟರ್ ನಿಜವಾಗ್ಲೂ ಬೆಳಕನ್ನ ನೋಡಿ ಉತ್ತರ ಕೊಡ್ತಿದ್ಯಾ ಅಂತ ನಂಗೆ ಅನುಮಾನ.”

“ನಿನ್ನ ತಲೇಲಿ ಇರೋದು ಮಿದುಳೋ ಸಗಣಿನೋ? ಅವರು ಹೋಗೋ ತನಕ ನಿನ್ನ ಮುಖ ತೋರಿಸ್ಬೇಡ. ನಡಿ ಆಚೆ!”

ಅವಳು ಕೆಲಸವನ್ನು ಅಲ್ಲಿಗೇ ಬಿಟ್ಟು ಆಚೆ ಹೋದಳು.

ಸಮಿತಿಯವರು ಬಂದು ಕೂತರು. ಐತಾಳರು ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯನ್ನು ತಟ್ಟಿ, “ಲೇಸರ್ ಇದರೊಳಗಿದೆ. ನಿಮ್ಮ ಕಣ್ಣಿಗೆಲ್ಲ ಕಾಣೋ ಬೆಳಕಲ್ಲ ಅದು,” ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿ ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ‘ಕಣಗಳು ಹೆಣೆದುಕೊಂಡಿವೆ. ಖಚಿತತೆ ಶೇಕಡಾ ತೊಂಬತ್ತೊಂಬತ್ತು.’

ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು ಬಂದು ಕೈ ಕುಲುಕಿದರು.

“ಇದನ್ನೂ ಅನುಮಾನಿಸೋ ದಡ್ಡರಿದ್ದಾರೆ ಸ್ವಾಮಿ, ನನ್ನ ಲ್ಯಾಬಲ್ಲೇ!” ಎಂದು ಐತಾಳರು ಗಹಗಹಿಸಿದರು.

ಅಷ್ಟರಲ್ಲಿ ಬಾಗಿಲು ಅರ್ಧ ತೆರೆಯಿತು. ಮುಖ ತೋರಿಸಬಾರದಲ್ಲ, ಭಾರ್ಗವಿ ಕೀ ಹಿಡಿದ ಕೈಯನ್ನಷ್ಟೇ ಒಳಗೆ ಚಾಚಿದಳು.

“ಸಾರಿ ಸರ್, ಲೇಸರ್ ಕೀ ನನ್ನ ಹತ್ರಾನೇ ಉಳ್ಕೊಂಡ್ಬಿಟ್ಟಿತ್ತು. ಇದನ್ನ ಹಾಕಿ ತಿರುಗಿಸದಿದ್ರೆ ಲೇಸರ್ ಆನೇ ಆಗಲ್ಲ.”